ಖಾಲಿ ಬಿಟ್ಟ ಅಳತೆಗಳು

ಮುಂಬಯಿಯ ಗಿರಗಾಂವ್‌ನಲ್ಲಿ ಹಳೆಯ ಚಾಳೊಂದನ್ನು, ಎಂದರೆ ಸಾಲುಕೋಣೆಗಳ ವಠಾರವೊಂದನ್ನು, ಕೆಡವಿದಾಗ ಇಟ್ಟಿಗೆ, ಗಾರೆ, ಹೆಂಚಿನ ಚೂರುಗಳೆಲ್ಲ ಲಾರಿ ಹತ್ತಿ ಊರಾಚೆ ಹೋಗುತ್ತವೆ. ತೊಲೆಗಳ ದಾರಿ ಬೇರೆ. ಅವುಗಳಿಗೆ ಬೆಲೆಯಿದೆ, ಗಿರಾಕಿಗಳಿದ್ದಾರೆ. ರೇ ರೋಡ್ ಸ್ಟೇಷನ್ನಿನ ಆಚೆ, ದಾರುಖಾನಾದ ಲಕ್ಡಿ ಬಂದರಿನ ವಖಾರಿಗಳಲ್ಲಿ ಇಂಥ ಮರವನ್ನು ಪೇರಿಸಿಟ್ಟಿರುತ್ತಾರೆ. ಮೇಲೆ ಹೊಗೆಯ ಕಪ್ಪು, ಹತ್ತಾರು ಸಲ ಬಳಿದ ಎಣ್ಣೆಬಣ್ಣದ ಪದರ, ಅಲ್ಲಲ್ಲಿ ತುಕ್ಕು ಹಿಡಿದ ಮೊಳೆ. ಒಂದು ಮೂಲೆಯನ್ನು ಕೆತ್ತಿ ನೋಡಿದರೆ ಒಳಗೆ ಜೇನುಬಣ್ಣದ ಬರ್ಮಾ ತೇಗ.

ಈ ಮರ ಮುಂಬಯಿಗೆ ಬಂದ ಕಥೆ ದೊಡ್ಡದು. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ 1863ರಲ್ಲಿ ಸ್ಥಾಪನೆಯಾಯಿತು. ಬರ್ಮಾದ ಕಾಡುಗಳಲ್ಲಿ ತೇಗ ಕಡಿಸುತ್ತಿದ್ದ ಆ ಕಂಪನಿಗೂ ಮಾಂಡಲೆಯ ಅರಸೊತ್ತಿಗೆಗೂ ಮರದ ಲೆಕ್ಕದಲ್ಲಿ ಹುಟ್ಟಿದ ತಕರಾರೇ 1885ರಲ್ಲಿ ಮೂರನೆಯ ಆಂಗ್ಲೋ-ಬರ್ಮಾ ಯುದ್ಧಕ್ಕೆ ನೆಪವಾಯಿತು. ಒಂದು ರಾಜ್ಯವೇ ಮುಳುಗಿಹೋದ ಮೇಲೆ ಉಳಿದ ಮರ ಇದು. ಇಂಥದ್ದನ್ನು ಕೈಗೆತ್ತಿಕೊಳ್ಳುವಾಗ ನನಗೆ ಪ್ರತಿ ಸಲವೂ ಒಂದು ಭಯ ಇರುತ್ತದೆ. ಹಾಳು ಮಾಡಿದರೆ ಮತ್ತೆ ತರುವುದಕ್ಕೆ ಆ ಕಾಡು ಇಲ್ಲ.

ನಾನು ಪೀಠೋಪಕರಣಗಳ ವಿನ್ಯಾಸ ಮಾಡುತ್ತೇನೆ. ಹುಟ್ಟೂರು ಕುಮಟಾ, ಈಗ ಇರುವುದು ಮುಲುಂಡಿನಲ್ಲಿ. ಹೊನ್ನಾವರ ಕಡೆಯ ಒಂದು ಕುಟುಂಬ ನನ್ನನ್ನು ಹುಡುಕಿಕೊಂಡು ಬಂದಿತು. ಗಿರಗಾಂವ್‌ನ ಚಾಳಿನಲ್ಲಿ ಅವರು ಮೂರು ತಲೆಮಾರು ಬಾಳಿದ್ದರು. ಚಾಳು ಪುನರ್‌ನಿರ್ಮಾಣಕ್ಕೆ ಹೋದಾಗ, ತಮ್ಮ ಖೋಲಿಯ ನೆತ್ತಿಯ ಮೇಲಿದ್ದ ತೊಲೆಯೊಂದನ್ನು ಕೆಡವುವ ಗುತ್ತಿಗೆದಾರನಿಗೆ ದುಡ್ಡು ಕೊಟ್ಟು ಬಿಡಿಸಿಕೊಂಡಿದ್ದರು. ಅದೇ ಜಾಗದಲ್ಲಿ ಎದ್ದ ಕಟ್ಟಡದಲ್ಲಿ ಹೊಸ ಮನೆ ಸಿಕ್ಕಿತ್ತು. ತೊಲೆಯಿಂದ ಒಂದು ಉಯ್ಯಾಲೆ ಮಾಡಿಕೊಡಬೇಕು, ಮನೆಯ ಅಜ್ಜಿ ಅದರ ಮೇಲೆ ಕೂತು ಸಂಜೆ ಕಳೆಯಬೇಕು ಎಂಬುದು ಅವರ ಆಸೆ.

ಇಂಥ ಕೆಲಸವನ್ನು ಒಳಾಂಗಣ ಗುತ್ತಿಗೆದಾರರ ಕೈಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಲ್ಲಿ ಕೆಲಸಗಾರರು ಇಲ್ಲವೆಂದಲ್ಲ. ಉತ್ತರ ಪ್ರದೇಶ, ರಾಜಸ್ಥಾನಗಳಿಂದ ಬಂದ ಒಳ್ಳೆಯ ಬಡಗಿಗಳು ಈ ನಗರದ ತುಂಬ ಇದ್ದಾರೆ. ಆದರೆ ಅವರಿಂದ ಪ್ಲೈವುಡ್ ಕತ್ತರಿಸಿ ಲ್ಯಾಮಿನೇಟ್ ಅಂಟಿಸುವ ಕೆಲಸವನ್ನಷ್ಟೇ ಮಾಡಿಸುತ್ತಾರೆ. ಗಟ್ಟಿಮರದ ಜೊತೆ ಮಾತನಾಡಲು ಅವರಿಗೆ ಯಾರೂ ಸಮಯ ಕೊಡುವುದಿಲ್ಲ. ನನಗೆ ಬೇಕಾಗಿದ್ದವರು ಭಾಂಡುಪಿನಲ್ಲಿ ಸಣ್ಣ ಗಾಳಾ, ಅಂದರೆ ಕೆಲಸದ ಶೆಡ್ಡು, ಇಟ್ಟುಕೊಂಡಿರುವ ಕಾರ್ಕಳದ ಬಡಗಿ ಆಚಾರ್ಯರು. ಎಳೆಯ ವಯಸ್ಸಿನಲ್ಲಿ ಕುಂದಾಪುರ ಕಡೆ ದೇವಸ್ಥಾನದ ರಥದ ಕೆಲಸದಲ್ಲಿ ಪಳಗಿದವರು, ಆಮೇಲೆ ಮಾವನ ಜೊತೆ ಮುಂಬಯಿಗೆ ಬಂದವರು. ಅರವತ್ತು ದಾಟಿದ್ದಾರೆ. ಸಹಾಯಕನ ಜೊತೆ ಹಿಂದಿ, ಹೆಂಡತಿಯ ಜೊತೆ ತುಳು, ನನ್ನ ಜೊತೆ ಕನ್ನಡ.

ಮೊದಲ ದಿನ ನಾನು ನಕ್ಷೆಯನ್ನು ಒಯ್ದಿದ್ದೆ. ಉದ್ದ 54 ಅಂಗುಲ, ಅಗಲ 20, ದಪ್ಪ ಒಂದೂ ಮುಕ್ಕಾಲು. ಆದರೆ ಜೋಡಣೆಯ ಭಾಗವನ್ನೂ ಸರಪಳಿ ಹಿಡಿಯುವ ಭಾಗವನ್ನೂ ಬೇಕೆಂದೇ ಖಾಲಿ ಬಿಟ್ಟಿದ್ದೆ. ನಾಲ್ಕು ಮೂಲೆಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಆಚಾರ್ಯರು ಕನ್ನಡಕ ಏರಿಸಿ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಇಲ್ಲಿ ಏನೂ ಬರೆದಿಲ್ಲವಲ್ಲ ಅಮ್ಮ?"

"ಅದನ್ನು ನೀವು ಹೇಳಬೇಕು ಆಚಾರ್ಯರೇ. ಮರ ಸೀಳಿದ ಮೇಲೆ ಹೇಳಿದರೂ ಆಯಿತು."

"ಮತ್ತೆ ನಿಮ್ಮ ಕೆಲಸ ಏನು?" ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಅಜ್ಜಿಯ ಮೊಣಕಾಲಿನ ಎತ್ತರ ಅಳೆದು ಬಂದಿದ್ದೇನೆ, ಹೊಸ ಮನೆಯ ಹಾಲಿನಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ಹವಾನಿಯಂತ್ರಣ ಯಂತ್ರ ಯಾವ ಗೋಡೆಯಲ್ಲಿದೆ, ಉಯ್ಯಾಲೆ ಹಿಂದೆ ಹೋದಾಗ ಟಿವಿ ಮೇಜಿಗೆ ತಾಗದಿರಲು ಎಷ್ಟು ಜಾಗ ಬೇಕು ಎಂದು ನೋಡಿಕೊಂಡು ಬಂದಿದ್ದೇನೆ ಎಂದೆ. ಅವರು ತಲೆಯಾಡಿಸಿದರು. ಅಲ್ಲಿಗೆ ಯಾರ ಕೆಲಸ ಯಾವುದು ಎಂಬುದು ಒಂದು ಮಟ್ಟಿಗೆ ತೀರ್ಮಾನವಾಯಿತು.

ತೊಲೆ 8 ಅಂಗುಲ ಅಗಲ, 10 ಅಂಗುಲ ಎತ್ತರದ್ದು. ಇಂಥ ಮರವನ್ನು ಮಿಲ್ಲಿನವರು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಒಳಗೊಂದು ಮೊಳೆ ಉಳಿದಿದ್ದರೂ ಗರಗಸದ ಪಟ್ಟಿ ಹೋಯಿತು. ಆಚಾರ್ಯರೂ ಅವರ ಸಹಾಯಕನೂ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಮುಖಗಳ ಮೇಲೆ ನಿಧಾನವಾಗಿ ಆಡಿಸಿದರು. ಅಯಸ್ಕಾಂತ ವಾಲಿದ ಕಡೆ ಸೀಮೆಸುಣ್ಣದ ಗುರುತು. ಗುರುತು ಹಾಕಿದಲ್ಲೆಲ್ಲ ಸಣ್ಣ ಉಳಿಯಿಂದ ಸುತ್ತ ಬಿಡಿಸಿ ಇಕ್ಕಳ ಹಾಕಿ ಎಳೆಯುವುದು. ತಲೆ ಮುರಿದು ಒಳಗೇ ಕೂತ ಮೊಳೆಗಳು ಹೆಚ್ಚು ಕಾಡಿದವು. ಕೆಲವು ಕುಲುಮೆಯಲ್ಲಿ ಬಡಿದು ಮಾಡಿದ ಚೌಕ ಮೊಳೆಗಳು. ಕಬ್ಬಿಣ ತಾಗಿದ ಜಾಗದ ಸುತ್ತ ಮರ ನೀಲಿಗಪ್ಪಾಗಿತ್ತು. ಮರದೊಳಗಿನ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿದರೆ ಹಾಗಾಗುತ್ತದೆ.

ಸೀಳಿದ ದಿನ ಗಾಳಾದ ತುಂಬ ತೇಗದ ವಾಸನೆ. ಹಳೆಯ ಚರ್ಮದಂತೆ, ತುಸು ಎಣ್ಣೆ ಬೆರೆತಂತೆ. ಆಚಾರ್ಯರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು, ನನಗೂ ಕಟ್ಟಿಸಿದರು. ತೇಗದ ಹುಡಿ ಮೂಗು, ಚರ್ಮ ಎರಡಕ್ಕೂ ಒಗ್ಗುವುದಿಲ್ಲ. ಹಲಗೆಯ ಕೊನೆಯಲ್ಲಿ ವರ್ಷದ ಉಂಗುರಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ಎಣಿಸಲು ಬರಿಗಣ್ಣು ಸೋಲುತ್ತಿತ್ತು. ಈಗ ತೋಟದಲ್ಲಿ ಬೇಗ ಬೆಳೆಸಿ ಕಡಿಯುವ ತೇಗದಲ್ಲಿ ಇದನ್ನು ಕಾಣುವುದಿಲ್ಲ. "ಇದು ಹಡಗಿನ ಮರ ಅಮ್ಮ" ಎಂದರು. ಅವರು ಹಾಗೆ ಹೇಳಿದ್ದು ಸುಮ್ಮನೆ ಅಲ್ಲ. 1817ರಲ್ಲಿ ಇದೇ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲೆ ನಿಂತಿದೆ. ನಾನು ಅದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅವರು ಹಡಗನ್ನು ಬಿಟ್ಟು ಹಲಗೆಗಳು ಕೂಡುವ ಗೆರೆಗಳನ್ನೇ ದೊಡ್ಡದು ಮಾಡಿ ನೋಡಿದರು.

ಹೊರಗಿನ ಕೊಳೆತ ಪದರ ತೆಗೆದ ಮೇಲೆ ಏಳೂಕಾಲು ಅಂಗುಲ ಅಗಲದ ಹಲಗೆಗಳು ಉಳಿದವು. ಮೂರನ್ನು ಪಕ್ಕಪಕ್ಕ ಕೂಡಿಸಿದರೆ ಆಸನವಾಗುತ್ತದೆ. ಅಲ್ಲಿ ಆಚಾರ್ಯರು ನನ್ನ ಅಳತೆಯನ್ನು ತಿದ್ದಿದರು. ಐವತ್ನಾಲ್ಕನ್ನು ಇಪ್ಪತ್ತರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ, ಆಯ ಒಳ್ಳೆಯದಲ್ಲ ಎಂದರು. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಶೇಷಕ್ಕೊಂದರಂತೆ ಎಂಟು ಆಯಗಳು. ಅವುಗಳಲ್ಲಿ ಬೆಸಸಂಖ್ಯೆಯವು ಶುಭ. ಮನೆ ಕಟ್ಟುವಾಗ ನೋಡುವ ಈ ಲೆಕ್ಕವನ್ನು ಅವರು ಮನುಷ್ಯರು ಕೂರುವ, ಮಲಗುವ ಎಲ್ಲದಕ್ಕೂ ನೋಡುತ್ತಾರೆ. ಮಲಗಿಸಿಟ್ಟ ಹಲಗೆಯ ಮೇಲೆ ಪೆನ್ಸಿಲಿನಿಂದಲೇ ಗುಣಿಸಿ ತೋರಿಸಿದರು: 53 ಗುಣಿಸು 21, 1113. ಎಂಟರಿಂದ ಭಾಗಿಸಿದರೆ ಶೇಷ ಒಂದು. ಧ್ವಜಾಯ.

ನಾನು ಆ ಕ್ಷಣವೇ ಒಪ್ಪಿದೆ. ಒಂದು ಅಂಗುಲ ಉದ್ದ ಕಡಿಮೆಯಾದರೆ ಗೋಡೆಯ ಬದಿಯಲ್ಲಿ ಓಡಾಡಲು ಅನುಕೂಲ, ಒಂದು ಅಂಗುಲ ಅಗಲ ಹೆಚ್ಚಾದರೆ ಅಜ್ಜಿ ಕಾಲು ಮಡಿಸಿ ಕೂರಬಹುದು. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಕಾರಣಗಳು ಬೇರೆ, ಅಳತೆ ಒಂದೇ ಆಯಿತು. ವಿನ್ಯಾಸ ಕಲಿಸುವ ಶಾಲೆಗಳಲ್ಲಿ ಪ್ರಮಾಣ ಅನುಪಾತಗಳ ಪಾಠಕ್ಕೆ ಗ್ರೀಕರ, ಇಟಲಿಯವರ ಉದಾಹರಣೆಗಳನ್ನು ಕೊಡುತ್ತಾರೆ. ಕರಾವಳಿಯ ಬಡಗಿಯ ತಲೆಯೊಳಗೆ ಇರುವ ಈ ಗಣಿತವನ್ನೂ ಪಾಠವಾಗಿ ಇಡಬೇಕೆಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಅದನ್ನು ನಂಬುವುದು ಬಿಡುವುದು ಆಮೇಲಿನ ಮಾತು. ಮೊದಲು ತಿಳಿದಿರಬೇಕು.

ನಿಜವಾದ ಚರ್ಚೆ ನಡೆದದ್ದು ಹಲಗೆಯ ಅಡಿಭಾಗದ ಬಗ್ಗೆ. ಮರ ಎಷ್ಟೇ ಹಳೆಯದಾಗಲಿ, ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ, ಅಗಲಕ್ಕೆ ಆಗುತ್ತದೆ. ತೇಗ ಈ ವಿಷಯದಲ್ಲಿ ಸಾಧು ಮರ. ಆದರೂ ಮುಂಬಯಿಯ ಜುಲೈ ತಿಂಗಳ ತೇವಕ್ಕೂ ಹವಾನಿಯಂತ್ರಿತ ಕೋಣೆಯ ಒಣಗಾಳಿಗೂ ನಡುವೆ 21 ಅಂಗುಲದ ಹಲಗೆ ಮೂರು ನಾಲ್ಕು ಮಿಲಿಮೀಟರ್ ಅಗಲ ಬದಲಿಸಬಹುದು. ಅದನ್ನು ಸ್ಕ್ರೂ ಹಾಕಿ ಬಿಗಿದರೆ ಸೀಳುತ್ತದೆ. ನನಗೆ ಎರಡೂ ತುದಿಗೆ ಅಡ್ಡಪಟ್ಟಿ ಕೂರಿಸುವ ಯೋಚನೆಯಿತ್ತು. ನಡುವೆ ಮಾತ್ರ ಅಂಟು, ಬದಿಗಳಲ್ಲಿ ಉದ್ದನೆಯ ತೂತಿನೊಳಗೆ ಗೂಟ, ಹಲಗೆ ಒಳಗೆ ಜಾರಾಡಲು ಜಾಗ. ಮೇಜುಗಳಿಗೆ ನಾನು ಹಾಗೆಯೇ ಮಾಡಿಸುತ್ತೇನೆ, ಚೆನ್ನಾಗಿ ನಿಲ್ಲುತ್ತದೆ.

"ಮೇಜು ನೆಲದ ಮೇಲೆ ನಿಲ್ಲುತ್ತದೆ" ಎಂದರು ಆಚಾರ್ಯರು. "ಇದು ನೇತಾಡುತ್ತದೆ. ಭಾರ ಎಲ್ಲಿ ಬೀಳುತ್ತದೆ ಹೇಳಿ. ನಾಲ್ಕು ಮೂಲೆಗೆ. ಹಲಗೆಯ ಮೂಲೆಗೆ ಕೊಂಡಿ ಹಾಕಿದರೆ ಎಳೆ ಬಿಟ್ಟುಕೊಳ್ಳುತ್ತದೆ."

ಅವರು ಸೂಚಿಸಿದ್ದು ಊರಿನ ಹಳೆಯ ಬಾಗಿಲುಗಳ ಕ್ರಮ. ಹಲಗೆಯ ಅಡಿಯಲ್ಲಿ ಅಡ್ಡಲಾಗಿ ಒಂದು ಕಾಲುವೆ ಕೊರೆಯುವುದು. ಅದರ ಬಾಯಿ ಕಿರಿದು, ತಳ ಅಗಲ. ಅದೇ ಆಕಾರಕ್ಕೆ ಕೆತ್ತಿದ ದಪ್ಪ ಪಟ್ಟಿಯನ್ನು ಒಂದು ಬದಿಯಿಂದ ಹೊಡೆದು ಒಳಗೆ ಸರಿಸುವುದು. ಅಂಟು ಬೇಡ, ಮೊಳೆ ಬೇಡ. ಪಟ್ಟಿ ಹಲಗೆಯನ್ನು ಬಗ್ಗಲು ಬಿಡುವುದಿಲ್ಲ, ಹಿಗ್ಗಲು ಬಿಡುತ್ತದೆ. ಇಂಥ ಎರಡು ಪಟ್ಟಿಗಳನ್ನು ಹಾಕಿ, ಕೊಂಡಿಗಳನ್ನು ಪಟ್ಟಿಗಳಿಗೇ ಕೊಟ್ಟರೆ ಭಾರವನ್ನೆಲ್ಲ ಅವು ಹೊರುತ್ತವೆ, ಹಲಗೆ ಆರಾಮವಾಗಿ ಅವುಗಳ ಮೇಲೆ ಮಲಗಿರುತ್ತದೆ.

ಕೇಳಿದ ತಕ್ಷಣ ಇದೇ ಸರಿ ಎನಿಸಿತು. ಅಲ್ಲಿಂದ ಮುಂದೆ ನನ್ನ ಕೆಲಸ. ಕೊಂಡಿಗಳು ಹಲಗೆಯ ಅಂಚಿನೊಳಗೇ ಇದ್ದರೆ ಸರಪಳಿ ಕೂತವರ ತೋಳಿಗೆ, ಸೆರಗಿಗೆ ಉಜ್ಜುತ್ತದೆ. ಪಟ್ಟಿಗಳನ್ನು ಹಲಗೆಯ ಹಿಂದಕ್ಕೂ ಮುಂದಕ್ಕೂ ಎರಡು ಅಂಗುಲ ಚಾಚಿಸೋಣ, ಕೊಂಡಿ ಆ ಚಾಚಿನಲ್ಲಿ ಇರಲಿ ಎಂದೆ. ಚಾಚಿದ ಮೂತಿ ಕಾಲಿಗೆ ತಾಗುವುದಿಲ್ಲವೇ ಎಂದು ಅವರು ಕೇಳಿದರು. ಇಬ್ಬರೂ ರಟ್ಟಿನಲ್ಲಿ ಆಕಾರ ಕತ್ತರಿಸಿ ನೋಡಿದೆವು, ಪ್ಯಾಕಿಂಗ್ ಮರದ ತುಂಡಿನಲ್ಲಿ ಕೆತ್ತಿ ನೋಡಿದೆವು. ಕೊನೆಗೆ ಪಟ್ಟಿಯ ತುದಿ ಕೆಳಗಿನಿಂದ ಮೇಲಕ್ಕೆ ಕಡೆದು ಬಂದು ಅಂಗೈಗೆ ಹಿತವಾಗಿ ಸಿಗುವಂತೆ ದುಂಡಗಾಯಿತು. ಆ ತಿರುವನ್ನು ನಾನು ಕಾಗದದ ಮೇಲೆ ಎಳೆದಿದ್ದೆ. ಆದರೆ ಅವರು ಉಳಿ ಹಿಡಿದಾಗ ಎಳೆಯ ದಿಕ್ಕು ನೋಡಿಕೊಂಡು ಅದನ್ನು ಒಂದಿಷ್ಟು ಚಪ್ಪಟೆ ಮಾಡಿದರು, ಹಾಗಾಗಿ ಅದು ಇನ್ನೂ ಚೆನ್ನಾಯಿತು. ಉಯ್ಯಾಲೆ ಹತ್ತುವ ಮೊದಲು ಅಜ್ಜಿ ಈಗ ಕೈ ಊರುವುದು ಆ ತುದಿಯ ಮೇಲೆಯೇ.

ಆ ಕಾಲುವೆ ಕೊರೆಯುವುದನ್ನು ಹತ್ತಿರ ಕೂತು ನೋಡಿದೆ. ಎರಡು ಗೆರೆಗಳನ್ನು ಚೂಪು ಮೊನೆಯಿಂದ ಗೀರಿ, ಗರಗಸವನ್ನು ಓರೆಯಾಗಿ ಹಿಡಿದು ಆಳದ ಗುರುತಿನವರೆಗೆ ಕೊಯ್ದರು. ನಡುವಿನ ಮರವನ್ನು ಉಳಿಯಿಂದ ಚಕ್ಕೆಚಕ್ಕೆಯಾಗಿ ಎಬ್ಬಿಸಿದರು. ಕಾಲುವೆ ಒಂದು ತುದಿಯಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಕಿರಿದಾಗುತ್ತ ಹೋಗಬೇಕು. ಆಗ ಮಾತ್ರ ಪಟ್ಟಿ ಸರಿದಂತೆಲ್ಲ ಬಿಗಿಯಾಗುತ್ತದೆ. ಪಟ್ಟಿಯನ್ನು ಸ್ವಲ್ಪ ಒಳಗೆ ಹೊಡೆಯುವುದು, ಹೊರಗೆಳೆಯುವುದು, ಒರಸಿಕೊಂಡು ಹೊಳೆಯುವ ಜಾಗವನ್ನು ಕೀಸುವುದು, ಮತ್ತೆ ಹೊಡೆಯುವುದು. ತೇಗದೊಳಗೆ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಸಹಾಯಕ ಪಕ್ಕದಲ್ಲಿ ಕೂತು ಸಾಣೆ ಹಿಡಿಯುತ್ತಲೇ ಇದ್ದ. ಕೊಡತಿಯ ಸದ್ದು ಬದಲಾಗುತ್ತ ಬಂದು, ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದಾಗ ಆಚಾರ್ಯರು ಕೈ ನಿಲ್ಲಿಸಿದರು. ಇನ್ನೊಂದು ಏಟು ಕೊಟ್ಟರೆ ಹಲಗೆ ಸೀಳಬಹುದಿತ್ತು. ಆ ಸದ್ದನ್ನು ನಾನು ಯಾವ ನಕ್ಷೆಯಲ್ಲಿ ಬರೆಯಲಿ?

ಹಲಗೆಗಳ ಅಂಚುಗಳಿಗೆ ಮಾತ್ರ ಅಂಟು ಬಳಸಿದೆವು. ತೇಗದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ, ಆದ್ದರಿಂದ ಅಂಚನ್ನು ಕೀಸುಳಿಯಿಂದ ಹೊಸದಾಗಿ ಕೀಸಿ, ಥಿನ್ನರ್ ಬಟ್ಟೆಯಿಂದ ಒರೆಸಿ, ಕೂಡಲೇ ಅಂಟು ಬಳಿದು ಬಿಗಿಯಬೇಕು.

ಮೊಳೆತೂತುಗಳ ಬಗ್ಗೆ ನಮ್ಮಿಬ್ಬರ ನಡುವೆ ಜೋರು ಮಾತು ನಡೆಯಿತು. ನನಗೆ ಅವು ಕಾಣಬೇಕಿತ್ತು. ಚಾಳಿನ ಆಯುಷ್ಯ ಆ ತೂತುಗಳಲ್ಲೇ ಇದೆ. ಆಚಾರ್ಯರು ಒಪ್ಪಲಿಲ್ಲ. "ನೀವು ಕಥೆ ಹೇಳುತ್ತೀರಿ. ನಾಳೆ ಮನೆಗೆ ಬಂದ ನೆಂಟರು ತೂತು ನೋಡಿ ಆಚಾರಿ ಮೋಸ ಮಾಡಿದ ಎನ್ನುತ್ತಾರೆ. ನನ್ನ ಹೆಸರು ಹೋಗುತ್ತದೆ." ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಮಾತು ಸತ್ಯ. ಅಂದಗೆಡಿಸಿ ಬಿಡುವ ಹಕ್ಕು ಹೆಸರಿರುವ ವಿನ್ಯಾಸಕರಿಗೆ ಸಿಗುತ್ತದೆ, ಬಡಗಿಗೆ ಸಿಗುವುದಿಲ್ಲ. ಅಲ್ಲದೆ ಸೀರೆಯ ಎಳೆ ತೂತಿಗೆ ಸಿಕ್ಕುವ ಭಯವೂ ಇತ್ತು. ಒಂದು ನಡುದಾರಿ ಹುಡುಕಿದೆವು. ಪ್ರತಿ ತೂತನ್ನೂ ಶಂಕರಪೋಳಿಯ ಆಕಾರಕ್ಕೆ ಕೊರೆದು, ಅದೇ ತೊಲೆಯ ಗಾಢಬಣ್ಣದ ಚೂರನ್ನು ಅಲ್ಲಿ ಕೂರಿಸುವುದು. ಬೆರಳಿಗೆ ನುಣುಪು, ಕಣ್ಣಿಗೆ ಗುರುತು. ತೇಪೆ ಬಚ್ಚಿಟ್ಟುಕೊಳ್ಳುವುದಿಲ್ಲ, ಕೈಚಳಕವನ್ನೇ ತೋರಿಸುತ್ತದೆ. ಆಚಾರ್ಯರು ಈ ಕೆಲಸವನ್ನು ಸಹಾಯಕನಿಗೆ ಬಿಟ್ಟುಕೊಡದೆ ತಾವೇ ಕೂತು ಮಾಡಿದರು.

ಹೊಳಪಿನ ಮೆಲಮೈನ್ ಪಾಲಿಶ್ ಬೇಡವೆಂದು ಇಬ್ಬರಿಗೂ ಮೊದಲೇ ಅನಿಸಿತ್ತು. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಉಜ್ಜಿ, ಒಣಗಿಸಿ, ಮತ್ತೆ ಹಚ್ಚಿ, ಕೊನೆಗೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಹರವಿ ಒಣಗಿಸಬೇಕು. ಮರದ ಹುಡಿ ತುಂಬಿದ ಗಾಳಾದಲ್ಲಿ ಇದು ಬಹಳ ಮುಖ್ಯ.

ಸರಪಳಿ ಭುಲೇಶ್ವರದ ಹಿತ್ತಾಳೆ ಅಂಗಡಿಯದು. ಹಲಗೆಯೇ ಸುಮಾರು 20 ಕಿಲೋ, ಮೇಲೆ ಮೂವರು ಕೂತರೆ ಎಂಬ ಲೆಕ್ಕ ಹಾಕಿ, ಭಾರ ಹೊರುವ ಕೊಂಡಿಗಳನ್ನು ಸ್ಟೀಲಿನಲ್ಲೇ ಮಾಡಿಸಿದೆ. ಛಾವಣಿಯಲ್ಲಿ ಕೊಂಡಿ ಎಲ್ಲಿ ಬರಬೇಕೆಂದು ಕಟ್ಟಡದ ಎಂಜಿನಿಯರ್ ಕಾಂಕ್ರೀಟ್ ತೊಲೆಯ ಜಾಗ ಗುರುತಿಸಿಕೊಟ್ಟರು. ಇದನ್ನು ಕೇಳದೆ ಸ್ಲ್ಯಾಬಿಗೆ ತೂತು ಹೊಡೆಯುವವರಿದ್ದಾರೆ. ಅದು ಅಪಾಯ.

ಇನ್ನು ದುಡ್ಡಿನ ಮಾತು. ಮುಂಬಯಿಯಲ್ಲಿ ಬಡಗಿಗೆ ಹಾಜರಿ ಲೆಕ್ಕದಲ್ಲಿ ದಿನಗೂಲಿ, ವಿನ್ಯಾಸಕರಿಗೆ ಒಟ್ಟು ವೆಚ್ಚದ ಮೇಲೆ ಶುಲ್ಕ. ಈ ಉಯ್ಯಾಲೆಯಲ್ಲಿ ಯಾವುದು ವಿನ್ಯಾಸ, ಯಾವುದು ಕೂಲಿ? ಅಡಿಪಟ್ಟಿಯ ಯೋಚನೆ ಆಚಾರ್ಯರದು. ಅದಿಲ್ಲದಿದ್ದರೆ ಇಡೀ ವಸ್ತುವೇ ಬೇರೆಯಾಗುತ್ತಿತ್ತು. ಅದನ್ನು ಅವರು ಹೇಳಿದ್ದು ಅರ್ಧ ಗಂಟೆಯಲ್ಲಿ. ಹಾಜರಿ ಲೆಕ್ಕ ಹಾಕಿದರೆ ಅರ್ಧ ಗಂಟೆಗೆ ಎಷ್ಟು ಬರುತ್ತದೆ? ಅದರ ಹಿಂದೆ ನಲವತ್ತು ವರ್ಷಗಳ ಕೈ ಇದೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡ 5ರ ಬಡ್ಡಿಗೆ ಸಾಲ ಸಿಗುತ್ತದೆ. ಒಳ್ಳೆಯದೇ. ಆದರೆ ಕಸುಬುದಾರನ ಯೋಚನೆಗೆ ಬೆಲೆ ಕಟ್ಟಬೇಕಾದವರು ಅವನ ಜೊತೆ ಕೆಲಸ ಮಾಡುವ ನಮ್ಮಂಥವರು, ಅದನ್ನು ಯಾವ ಯೋಜನೆಯೂ ಮಾಡಿಕೊಡುವುದಿಲ್ಲ. ಕರಕುಶಲದ ಬಗ್ಗೆ ದೊಡ್ಡ ಮಾತಾಡಿ, ವಸ್ತುವಿನ ಕೆಳಗೆ ತಮ್ಮ ಹೆಸರನ್ನು ಮಾತ್ರ ಹಾಕಿಕೊಳ್ಳುವ ವಿನ್ಯಾಸಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ಕುಟುಂಬಕ್ಕೆ ಕೊಟ್ಟ ಬಿಲ್ಲಿನಲ್ಲಿ ಮರಗೆಲಸದ ಕೂಲಿಯನ್ನು ಬೇರೆ ಸಾಲಿನಲ್ಲಿ, ವಿನ್ಯಾಸ ಶುಲ್ಕವನ್ನು ಬೇರೆ ಸಾಲಿನಲ್ಲಿ ಬರೆದು, ಶುಲ್ಕದ ಮುಂದೆ ಇಬ್ಬರ ಹೆಸರನ್ನೂ ಹಾಕಿದೆ. ಅರ್ಧ ಅವರಿಗೆ. ಆಚಾರ್ಯರು ಮೊದಲು ಬೇಡವೆಂದರು. ಕೂಲಿ ಬಂದಿದೆಯಲ್ಲ, ಇದು ಯಾವ ಲೆಕ್ಕ ಎಂದರು. ಅವರ ಹೆಂಡತಿ ತುಳುವಿನಲ್ಲಿ ಏನೋ ಹೇಳಿದರು. ಆಮೇಲೆ ತೆಗೆದುಕೊಂಡರು.

ತೊಲೆಯಲ್ಲಿ ಇನ್ನೂ ಮರ ಉಳಿದಿತ್ತು. ಮನೆಯವರು ಅದರಲ್ಲಿ ಊಟದ ಮಣೆಗಳನ್ನು ಮಾಡಿಸಬೇಕೆಂದರು. ಈ ಸಲ ನಕ್ಷೆ ಆಚಾರ್ಯರದು. ಅಳತೆ, ಕಾಲಿನ ಆಕಾರ, ಅಂಚಿನ ಗೆರೆ ಎಲ್ಲವನ್ನೂ ಅವರೇ ಹಲಗೆಯ ಮೇಲೆ ಎಳೆದಿದ್ದಾರೆ. ಒಂದು ಮೂಲೆಯನ್ನು ಖಾಲಿ ಬಿಟ್ಟಿದ್ದರು. "ಮುದುಕಿಯರಿಗೆ ಎಷ್ಟು ಎತ್ತರ ಬೇಕು ಎನ್ನುವುದನ್ನು ನೀವು ಹೇಳಿ" ಎಂದರು. ನೆಲದಿಂದ ನಾಲ್ಕು ಅಂಗುಲ ಎಂದು ನಾನು ಹೇಳಿದೆ. ಅವರು ನಾಲ್ಕೂವರೆ ಎಂದು ಬರೆದುಕೊಂಡರು. ಬಿಲ್ಲಿನಲ್ಲಿ ಈ ಬಾರಿ ಅವರ ಹೆಸರು ಮೊದಲು, ಶುಲ್ಕದಲ್ಲಿ ಮೂರು ಪಾಲು ಅವರಿಗೆ, ಒಂದು ಪಾಲು ನನಗೆ ಎಂದು ಮಾತಾಗಿದೆ.